ಅಳಿಸಲು ಮನಸ್ಸಿಲ್ಲದ ಮಹದೇವಪ್ರಸಾದ

ಕೊಳ್ಳೇಗಾಲದ ಆ ಪುಟ್ಟ ಆಫೀಸಿನಲ್ಲಿ ಬೆಳಗ್ಗೆ ಬೆಳಗ್ಗೆಯೇ ಸರ್ವರ್ ಮಲಗಿಬಿಟ್ಟಿತ್ತು. ಅದರ ಡಿಸ್ಕಿನೊಳಗೆ ಎಳ್ಳಷ್ಟೂ ಜಾಗವಿರಲಿಲ್ಲ. ಯಶೋದ ಕುರ್ಚಿ ತಿರುಗಿಸಿ ಮಹದೇವಪ್ರಸಾದನನ್ನು ದುರುಗುಟ್ಟಿ ನೋಡಿದಳು. ಅವನು ಕಾಫಿ ಲೋಟದೊಳಗೆ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸಿದ.

ಒಂದೇ ಸರ್ವರಿನೊಳಗೆ ಓಡುವ ಹಲವು ವರ್ಚುವಲ್ ಮೆಷಿನ್‌ಗಳ ಡಿಸ್ಕಿಗೆ ಬ್ಯಾಕಪ್, ಅಂದರೆ ನಕಲು ಕಾಪಿಡುವ ವ್ಯವಸ್ಥೆ ರೂಪಿಸುವುದು ಇಬ್ಬರ ಕೆಲಸ. ಡಿಸ್ಕ್ ಕೆಟ್ಟರೆ ಹಿಂದಿನ ನಕಲಿನಿಂದ ಮತ್ತೆ ಎಬ್ಬಿಸಬೇಕು. ಹೊಸ ನಕಲು ಸರಿಯಿದೆಯೆಂದು ಖಾತ್ರಿಯಾದ ಮೇಲೆ ಹಳೆಯದನ್ನು ಅಳಿಸಬೇಕೆಂದು ಯಶೋದ ಡಿಸೈನ್ ಮಾಡಿದ್ದಳು. ಈ ಮಹರಾಯ ಆ ಭಾಗವನ್ನೇ ನಿಲ್ಲಿಸಿಟ್ಟಿದ್ದ.

“ಒಂದೂ ಅಳಿಸಿಲ್ವೇನ್ರಿ?”

“ಬೇಕಾದ್ರೆ ವಾಪಸ್ ಓಗ್ಬೋದಲ್ಲ ಅಂತ...”

“ವಾಪಸ್ ಓಗಕ್ಕೇ ಜಾಗ ಎಲ್ಲ ತುಂಬ್ಕಂಡ್ರೆ ಮುಂದಕ್ ಓಗದು ಎಂಗೆ?”

ಅವಳಿಗೆ ಸಿಟ್ಟು ಸರ್ವರಿನ ಮೇಲಲ್ಲ. ಪ್ರೀತಿಯಲ್ಲೂ ಇವನದು ಇದೇ ಕಥೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ “ನೀವಿಲ್ದಿದ್ರೆ ಆಫೀಸಿಗೆ ಬರಕ್ಕೇ ಮನಸಾಗಲ್ಲ” ಎಂದಿದ್ದ. ಅವಳು ಕೆಂಪಾಗುವಷ್ಟರಲ್ಲಿ “ಕೆಲ್ಸ ಜಾಸ್ತಿ ಆಯ್ತದೆ, ಅದ್ಕೆ” ಎಂದು ಸೇರಿಸಿದ್ದ. ಮುಡಿದ ಮಲ್ಲಿಗೆ ಚೆಂದವಿದೆ ಎಂದವನು, ಅವಳು ಓರೆಗಣ್ಣಲ್ಲಿ ನೋಡಿದ ಕೂಡಲೇ “ನಮ್ಮಕ್ಕನೂ ಇದ್ನೇ ಮುಡಿಯದು” ಎಂದು ಜಾರಿಕೊಂಡಿದ್ದ. ಇಂಥವನ ಮೇಲೆಯೇ ಅವಳಿಗೆ ಪ್ರಾಣ, ಏನು ಮಾಡುವುದು?

“ಭಾನ್ವಾರ ನನ್ನ ನೋಡಕ್ಕೆ ಹನೂರಿಂದ ಗಂಡು ಬತ್ತಾವ್ನೆ” ಎಂದಳು. “ಬರ್ಲಿ ಅಂತ ಅಪ್ಪ ಇವತ್ತು ಸಾಯಂಕಾಲ ಅವ್ರಿಗೆ ಹೇಳ್ಬುಡ್ತಾರೆ.”

ಅವನ ಮುಖ ಬಾಡಿತು. “ಒಳ್ಳೇದಾಯ್ತು... ಅಂದ್ರೆ, ಒಳ್ಳೇದಲ್ಲ... ಅಂದ್ರೆ...”

“ಯಾವ್ದಾದ್ರೂ ಒಂದ್ ಮಾತು ಇಟ್ಕಳಿ. ಮಿಕ್ಕಿದ್ದು ಅಳಿಸ್ಬುಡಿ.” ತುಟಿಯಲ್ಲಿ ನಗುವಿತ್ತು.

ಅವನು ಹೆಲ್ಮೆಟ್ ಎತ್ತಿಕೊಂಡು ಹೊರಟೇಹೋದ. ಓಡಿಹೋದನಲ್ಲ ಪುಣ್ಯಾತ್ಮ ಎಂದು ಯಶೋದ ಮೇಜಿಗೆ ಹಣೆಯಿಟ್ಟು ಅತ್ತಳು. ಕಣ್ಣೊರೆಸಿಕೊಂಡು ಹಳೆಯ ನಕಲುಗಳನ್ನು ಒಂದೊಂದಾಗಿ ತಾನೇ ಅಳಿಸುತ್ತ ಕುಳಿತಳು.

ಮಧ್ಯಾಹ್ನ ತನ್ನೂರು ಹೊನ್ನೂರಿನಿಂದ ಅಪ್ಪ ಸದಾಶಿವಪ್ಪನ ಫೋನು ಬಂತು.

“ಯಾರವ್ವ ಇವ್ನು, ಪ್ರಸಾದಂತೆ? ಕಬ್ಬಿನ್ ಗದ್ದೆಗೇ ಬಂದು, ನಿಮ್ಮಗ್ಳನ್ನ ಮದ್ವೆ ಮಾಡ್ಕೊಡಿ ಅಂತಾವ್ನೆ. ನಿಮ್ ಮನೇಲಿ ಕೇಳ್ಕಂಡ್ ಬಾ ಓಗಪ್ಪ ಅಂದ್ರೆ, ಕೇಳ್ಕಂಡೇ ಬಂದಿವ್ನಿ ಅಂತ ಗದ್ದೆ ಬದಿನ್ ಮ್ಯಾಲೆ ಕುಂತವ್ನೆ. ಶೂ ತುಂಬ ಕೆಸ್ರು! ನಿಂಗೂ ಇಷ್ಟವೇನವ್ವ?”

“ಊಂ ಅಪ್ಪ.”

“ಅಂಗಾರೆ ಹನೂರ್ನೋರಿಗೆ ಬರ್ಬೇಡಿ ಅಂತೀನಿ. ತಕಪ್ಪ, ನೀನೇ ಮಾತಾಡು.”

ಫೋನಿನಲ್ಲಿ ಗಾಳಿಗೆ ಕಬ್ಬಿನ ಗರಿ ಸದ್ದು ಮಾಡುತ್ತಿತ್ತು.

“ಯಶೋದ, ನೀನಂದ್ರೆ ನಂಗೆ ಪ್ರಾಣ ಕಣೇ.”

ಅವಳು ಉಸಿರು ಬಿಗಿಹಿಡಿದು ಕಾದಳು. ಅದರ ಬೆನ್ನಿಗೆ ಬೇರೆ ಮಾತೇನೂ ಬರಲಿಲ್ಲ.

“ನಂಗೂ” ಎಂದಳು.