ಮುಂಚೆಯೇ ಹಾಕಿದ ಟಿಕ್ಕು

"ರೋಗಿ ಇನ್ನೂ ವಾರ್ಡಲ್ಲೇ ಇದಾರೆ. ನಿಮ್ಮ ಚೆಕ್‌ಲಿಸ್ಟ್ ಆಗ್ಲೇ ಮುಗಿದುಹೋಗಿದೆ. ಏನ್ ಡಾಕ್ಟ್ರೇ, ಕನಸಲ್ಲಿ ಕೇಳಿದ್ರಾ?"

ಆಪರೇಷನ್ ಥಿಯೇಟರಿನ ನರ್ಸ್ ಅವಳು. ಹಾಳೆಯನ್ನು ಅವನ ಮೂಗಿನ ಮುಂದೆಯೇ ಹಿಡಿದಿದ್ದಳು. ಹೆಸರು ಕೇಳಿದ್ದಾಯಿತೇ, ಅಲರ್ಜಿ ಉಂಟೇ, ಹೊಟ್ಟೆ ಖಾಲಿ ಇದೆಯೇ, ಎಡವೋ ಬಲವೋ ಗುರುತು ಹಾಕಿದೆಯೇ... ಎಲ್ಲ ಚೌಕಗಳಲ್ಲೂ ಟಿಕ್ಕು ಬಿದ್ದಿತ್ತು.

ಅರಿವಳಿಕೆ ಕೊಡುವ ಡಾಕ್ಟರ್ ಮಾಸ್ಕಿನೊಳಗೇ ನಕ್ಕ. ಬಾಯಿ ಕಾಣದಿದ್ದರೇನು, ಕಣ್ಣಂಚಿನಲ್ಲಿ ಮೂರು ಗೆರೆ ಮೂಡಿದವು. ಆ ಮೂರು ಗೆರೆಗಳ ಕಾಟ ಅವಳಿಗೆ ನಾಲ್ಕು ತಿಂಗಳಿಂದ ಇತ್ತು.

"ಇವತ್ತು ಆರು ಕೇಸ್ ಇದೆ ರೀ. ಕೇಳ್ತೀನಿ, ಖಂಡಿತ ಕೇಳ್ತೀನಿ. ಟೈಮ್ ಉಳೀಲಿ ಅಂತ ಟಿಕ್ ಮಾತ್ರ ಮುಂಚೆ ಹಾಕಿಟ್ಟೆ."

"ಹಾಕಿದ್ಮೇಲೆ ಯಾರು ಕೇಳ್ತಾರೆ?"

ಹಾಳೆಯನ್ನು ಪರಪರನೆ ಹರಿದು ಬುಟ್ಟಿಗೆ ಎಸೆದು ಹೊಸದನ್ನು ಕೈಗಿಟ್ಟಳು. ಥಿಯೇಟರಿನವರು ಅವಳಿಗೆ 'ಹೆಡ್‌ಮಿಸ್' ಎಂದು ಅಡ್ಡಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎದುರಿಗೆ ಮಾತ್ರ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಇವನೊಬ್ಬ ಬಾಯಿತಪ್ಪಿಯೂ ಸಿಸ್ಟರ್ ಎಂದು ಕರೆದವನಲ್ಲ. ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಓಡಾಡುವುದರಲ್ಲೇ ಒಂದು ಸುಖವೂ ಇತ್ತು.

ಆದರೆ ಅವತ್ತು ಮನಸ್ಸು ಮುರಿಯಿತು. ನಂಬಲಾಗದವನ ಮೇಲೆ ಇಷ್ಟ ಇಟ್ಟುಕೊಂಡು ಮಾಡುವುದಾದರೂ ಏನು, ಹೇಳಿ! ಮೂರು ವಾರ ಮುಖ ಗಂಟುಹಾಕಿಕೊಂಡೇ ಇದ್ದಳು. ಕೆಲಸದ ಮಾತು ಬಿಟ್ಟು ಒಂದಕ್ಷರ ಆಡಲಿಲ್ಲ.

ಅಷ್ಟರಲ್ಲಿ ಅವಳ ಅಪ್ಪನಿಗೇ ಹರ್ನಿಯಾ ಆಪರೇಷನ್ ನಿಗದಿಯಾಯಿತು. ಮನೆಯವರ ಆಪರೇಷನ್ ಇದ್ದಾಗ ಸಿಬ್ಬಂದಿ ಒಳಗಿರುವಂತಿಲ್ಲ, ಅದು ಅಲ್ಲಿಯ ನಿಯಮ. ದಿನಾ ಒಳಗೆ ನಿಂತು ಗಟ್ಟಿಯಾಗಿ ಪ್ರಶ್ನೆ ಓದುವವಳು ಅಂದು ಹೊರಗಿನ ಬೆಂಚಿನ ಮೇಲೆ, ಅಪ್ಪನ ಕನ್ನಡಕವನ್ನೂ ಹಲ್ಲುಸೆಟ್ಟನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಅರಿವಳಿಕೆ ಕೊಡುವ ಸರದಿ ಅವನದೇ ಎಂದು ಹಿಂದಿನ ದಿನವೇ ಗೊತ್ತಾಗಿತ್ತು.

ಟ್ರಾಲಿ ಒಳಗೆ ಹೋಗುವಾಗ ಅವನನ್ನು ತಡೆದು ನಿಲ್ಲಿಸಿದಳು. "ಅಪ್ಪ ಸಂಕೋಚದ ಮನುಷ್ಯ. ಗಡಿಬಿಡೀಲಿ ಕೇಳಿದ್ರೆ ನಿಮಗೇನು ಬೇಕೋ ಅದನ್ನೇ ಹೇಳಿಬಿಡ್ತಾರೆ."

ಅವನು ನಗಲಿಲ್ಲ. "ಕೂತ್ಕೊಂಡೇ ಕೇಳ್ತೀನಿ," ಎಂದ.

ಹತ್ತು ನಿಮಿಷವೂ ಆಗಿರಲಿಲ್ಲ, ಬಾಗಿಲು ತೆರೆದು ಅವನೊಬ್ಬನೇ ಹೊರಗೆ ಬಂದ. ಕನ್ನಡಕ, ಹಲ್ಲುಸೆಟ್ಟು ಹಿಡಿದೇ ಅವಳು ಎದ್ದುನಿಂತಳು.

"ಏನಾಯ್ತು ಅಪ್ಪನಿಗೆ?"

"ಏನೂ ಆಗಿಲ್ಲ, ಕೂತ್ಕೊಳ್ಳಿ. ಇವತ್ತು ಆಪರೇಷನ್ ಮಾಡಲ್ಲ ಅಷ್ಟೆ." ಅವನೂ ಪಕ್ಕದಲ್ಲಿ ಕೂತ. "ಬೆಳಗ್ಗೆ ಏನಾದ್ರೂ ತಗೊಂಡ್ರಾ ಅಂದೆ. ಇಲ್ಲ ಅಂದ್ರು. ಯಾಕೋ ಸಮಾಧಾನ ಆಗ್ಲಿಲ್ಲ. ಸ್ಟೂಲ್ ಎಳ್ಕೊಂಡು ಇನ್ನೊಂದ್ಸಲ ಕೇಳಿದೆ. 'ಕಾಫಿನೂ ಲೆಕ್ಕಕ್ಕೆ ಬರುತ್ತಾ ಡಾಕ್ಟ್ರೇ?' ಅಂದ್ರು. ಹಾಲು ಹಾಕಿದ್ದು, ಜೊತೆಗೆ ಎರಡು ಬಿಸ್ಕೆಟ್. ನೀವು ಸ್ನಾನಕ್ಕೆ ಹೋಗಿದ್ರಂತೆ. 'ಮಗಳಿಗೆ ಹೇಳ್ಬೇಡಿ, ಬೈತಾಳೆ' ಅಂತ ನನ್ನ ಕೈ ಬಿಡ್ತಾನೇ ಇಲ್ಲ."

ಅಯ್ಯೋ ಅಪ್ಪಾ! ಅವಳಿಗೆ ನಗು ಬಂತು. ಮರುಕ್ಷಣವೇ ನಗು ನಿಂತುಹೋಯಿತು. ಅರಿವು ತಪ್ಪಿದ ಮೇಲೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿದ್ದರೆ ಅಪ್ಪ ಉಳಿಯುತ್ತಿದ್ದರೋ ಇಲ್ಲವೋ. ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಒಳಗೆ ಸರ್ಜನ್ನರು, ಬೆಳಗೆಲ್ಲ ಹಾಳಾಯಿತೆಂದು ಕೂಗಾಡುತ್ತಿದ್ದದ್ದು ಕೇಳುತ್ತಿತ್ತು. ಅವನು ಏಳಲಿಲ್ಲ.

"ಅವರು ಕಾಫಿ ಅಂದಾಗ ನನಗೆ ನಡುಕ ಬಂತು ರೀ," ಎಂದ ಮೆಲ್ಲಗೆ. "ನೀವು ಹಾಳೆ ಹರಿದ ದಿನದಿಂದ ಮುಂಚೆ ಟಿಕ್ ಹಾಕಿಲ್ಲ, ನಿಜ. ಆದ್ರೆ ಅದಕ್ಕೂ ಮೊದ್ಲು ಯಾರ್ಯಾರು ಏನೇನು ಹೇಳೋಕೆ ಹೊರಟಿದ್ರೋ, ನಾನು ಕೇಳಿಸ್ಕೊಳ್ಳಲೇ ಇಲ್ವೋ."

ಅವಳು ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ ನಾನು. ಒಳಗೆ ನೀವಿರ್ತೀರಲ್ಲ ಅಂತ."

"ನನ್ನ ಕಂಡ್ರೆ ಅಷ್ಟು ಭಯಾನಾ?"

"ಬೇರೆಯವರಾಗಿದ್ರೆ ಕಂಪ್ಲೇಂಟ್ ಬರೆದು ಸುಮ್ಮನಾಗ್ತಿದ್ದೆ. ಇಷ್ಟಪಟ್ಟವರೇ ಹಾಗೆ ಮಾಡಿದ್ರೆ ಎಲ್ಲಿಗೆ ಹೋಗ್ಲಿ?"

ಮಾತು ಜಾರಿತ್ತು. ಕೆನ್ನೆ ಬಿಸಿಯಾಯಿತು, ಆದರೆ ಕಣ್ಣು ತಗ್ಗಿಸಲಿಲ್ಲ. ಅವನು ನಿಧಾನವಾಗಿ ಮಾಸ್ಕು ಕಳಚಿದ. ಅವನ ಕಣ್ಣಲ್ಲೂ ನೀರಿತ್ತು.

"ಇಷ್ಟಪಟ್ಟವರು ಅಂದ್ರಾ?"

"ಅಂದೆ."

"ನಾನು ಹೇಳೋಕೆ ನಾಲ್ಕು ತಿಂಗಳಿಂದ ಒದ್ದಾಡ್ತಿದೀನಿ, ನೀವು ಎಷ್ಟು ಸುಲಭವಾಗಿ ಹೇಳಿಬಿಟ್ರಿ!" ಅವನು ಮಾಸ್ಕನ್ನು ಜೇಬಿಗಿಟ್ಟು ಕೇಳಿದ, "ಅಪ್ಪನ ಆಪರೇಷನ್ ನಾಡಿದ್ದು ಇಟ್ಕೊಳ್ತಾರಂತೆ. ಬೇರೆ ಡಾಕ್ಟ್ರಿಗೆ ಹೇಳ್ಲಾ?"

"ಬೇಡ. ನೀವೇ ಇರಿ."

"ಆಮೇಲೆ?"

ಅವಳು ಅಪ್ಪನ ಕನ್ನಡಕವನ್ನು ಜೋಪಾನವಾಗಿ ಬೆಂಚಿನ ಮೇಲಿಟ್ಟು, ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಆಮೇಲೂ ನೀವೇ ಇರಿ."