ಖಾಲಿ ಕುರ್ಚಿಯ ಹನ್ನೊಂದು ನಿಮಿಷ

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಬಸವನ ಬಾಗೇವಾಡಿಯ ಟಿವಿಗಳಲ್ಲಿ ಕಾಣಿಸಿದ್ದು ಒಂದು ಖಾಲಿ ಕುರ್ಚಿ.

ಅದು ದಾನೇಶ್ವರಿಯ ಕುರ್ಚಿ. ಐವತ್ತು ದಾಟಿದ ಗೃಹಿಣಿ. 'ಹೊಸ ಹಗಲು' ಕೇಬಲ್ ವಾಹಿನಿಯಲ್ಲಿ ವಾರಕ್ಕೆ ಮೂರು ದಿನ ಅವಳು ರಾಜಕೀಯ ಮಾತಾಡುತ್ತಿದ್ದಳು. ಪುರಸಭೆಯ ಸದಸ್ಯರು ಅವಳ ಮಾತು ಮುಗಿಯುವವರೆಗೆ ಮನೆಯಿಂದ ಹೊರಬೀಳುತ್ತಿರಲಿಲ್ಲ. ಇವತ್ತು ಕ್ಯಾಮೆರಾ ಹನ್ನೊಂದು ನಿಮಿಷ ಬರೀ ಕುರ್ಚಿಯನ್ನು ತೋರಿಸಿತು. ಚಹಾದ ಕಪ್ಪು ಹಿಡಿದುಕೊಂಡು ನಾನೂ ಹನ್ನೊಂದು ನಿಮಿಷ ಅದನ್ನೇ ನೋಡಿದೆ.

ಎಂಟೂವರೆಗೆ ವಾಹಿನಿಯ ಮಾಲೀಕ ರೇವಣಪ್ಪ ನಮ್ಮ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದ. ಪಕ್ಕದ ಮನೆ ಅಬಿದಾಳದು. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ನಾನು ರೇಣುಕಾ, ಹೈಸ್ಕೂಲು ಶಿಕ್ಷಕಿ. ಬೇಸಿಗೆ ರಜೆ, ನನಗೂ ಬೇರೆ ಕೆಲಸವಿರಲಿಲ್ಲ. ನಾನೂ ಹೋದೆ.

"ನೋಡ್ರಿ ಬಾಯಾರ." ರೇವಣಪ್ಪ ಒಂದು ಚೀಟಿ ಚಾಚಿದ. "ಕುರ್ಚಿ ಕೆಳಗ ಬಿದ್ದಿತ್ತು."

'ಇನ್ನು ಮುಂದೆ ಬರುವುದಿಲ್ಲ. ಯಾರ ಮೇಲೂ ಸಿಟ್ಟಿಲ್ಲ.'

"ಸಿಟ್ಟಿಲ್ಲ ಅಂತ ಬರದಾರಲ್ಲ?" ಅಂದಳು ಅಬಿದಾ.

"ಸಿಟ್ಟಿಲ್ಲದ ಯಾರರ ಹಿಂಗ ಹೋಗ್ತಾರೇನ್ರಿ? ಯಾರು ಮಾಡ್ಯಾರ ಅಂತ ನನಗ ಗೊತ್ತೈತಿ. ಕಾವೇರಿ. ಸುದ್ದಿ ಓದೂ ಹುಡುಗಿ. ಶುಕ್ರವಾರ ಆಕಿ ಅಕ್ಕಾರ ಜೋಡಿ ಜಗಳಾ ತಗದಾಳ. ಸಂಜಿ ತನಕ ಅಕ್ಕಾರು ತಿರುಗಿ ಬರಲಿಲ್ಲಂದ್ರ, ನಾಳಿಂದ ಆ ಹುಡುಗಿ ನನಗ ಬ್ಯಾಡ."

"ಗೊತ್ತಿದ್ರ ನನ್ನ ಕಡೆ ಯಾಕ ಬಂದ್ರಿ?"

"ಅಕ್ಕಾರು ನನ್ನ ಫೋನು ಎತ್ತವಲ್ರು."

ಕಾವೇರಿ ಅವನ ಜೀಪಿನ ಹಿಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಪ್ಪತ್ಮೂರರ ಹುಡುಗಿ, ದೇವಣಗಾಂವದಲ್ಲಿ ಕುರಿ ಕಾಯುವ ಮನೆತನದವಳು. ಅತ್ತು ಮುಗಿಸಿದ ಮುಖ.

"ಜಗಳಾ ಮಾಡಿದ್ಯಾ?" ಅಬಿದಾ ಕೇಳಿದಳು.

"ಇಲ್ರಿ. ಒಂದು ಮಾತು ಕೇಳಿದೆ, ಅಷ್ಟೇ. ದಿಲ್ಲಿದು ಎಲ್ಲಾ ಚಾನೆಲ್‌ದಾಗ ಬರ್ತೈತಿ, ನೀವು ನಮ್ಮ ಊರಿಂದು ಯಾಕ ಹೇಳವಲ್ರಿ ಅಂದೆ. ಅವರು ಎದ್ದು ಹೋಗಿಬಿಟ್ರು."

"ಕೇಳಿದ್ರಿಲ್ಲ?" ರೇವಣಪ್ಪ ಜೀಪಿನ ಬಾನೆಟ್ ಮೇಲೆ ಕೈ ಬಡಿದ. "ಹಿರೇರಿಗೆ ಅನ್ನೂ ಮಾತೇನ್ರಿ ಇದು? ಅಕ್ಕಾರು ಬೆಳದಾರ. ಒಂದು ತಿಂಗಳಿಂದ ದಿಲ್ಲಿ ಬಗ್ಗೆ ಮಾತಾಡಾಕತ್ತಾರ. ಇಕಿಗೆ ಹೊಟ್ಟಿಕಿಚ್ಚು."

"ನಮ್ಮವ್ವ ಮೊಬೈಲಿನ್ಯಾಗ ನನ್ನ ಸುದ್ದಿ ಇಡೀ ಓಣಿಗೆ ತೋರಸ್ತಾಳ್ರಿ," ಕಾವೇರಿ ಕಿಟಕಿಯ ಕಡೆ ನೋಡುತ್ತಾ ಅಂದಳು. "ಹಿರೇ ಹೆಣಮಗಳನ್ನ ಓಡಿಸಿದಾಕಿ ಅಂತ ಹೆಸರು ಹೊತ್ಕೊಂಡು ಊರಿಗೆ ಹ್ಯಾಂಗ ಹೋಗ್ಲಿ?"

ಅಬಿದಾ ಜೀಪು ಹತ್ತಿ, "ಸಂಗಮೇಶನ ಮನಿಗೆ ನಡೀರಿ," ಅಂದಳು.

ಸಂಗಮೇಶ ಪುರಸಭೆಯ ಸದಸ್ಯ. ದಾನೇಶ್ವರಿಯ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು. ನನ್ನ ಅನುಮಾನವೆಲ್ಲ ಅವನ ಮೇಲೆಯೇ ಇತ್ತು. ನಾವು ಹೋದಾಗ ಅವನು ಉಪ್ಪಿಟ್ಟು ತಿನ್ನುತ್ತಿದ್ದ.

"ನೀವು ದಾನೇಶ್ವರಿ ಅವರಿಗೆ ಹೆದರಿಸಿದ್ರೇನು?" ಅಬಿದಾ ಕೇಳಿದಳು.

"ನಾನು? ಬಾಯಾರ, ಮೂರು ವರ್ಷ ಆಕಿ ನನಗ ಹೆದರಿಸ್ಯಾಳ." ಅವನು ತಟ್ಟೆ ಕೆಳಗಿಟ್ಟ. "ಖರೇ ಹೇಳ್ತೇನಿ. ಒಂದು ತಿಂಗಳಾತು, ಆಕಿ ನನ್ನ ಹೆಸರೇ ಎತ್ತಿಲ್ಲ. ನಮ್ಮ ವಾರ್ಡಿನ್ಯಾಗ ಎಂಟು ದಿನ ನಳ ಬರಲಿಲ್ಲ. ಸೋಮವಾರ ಉಗೀತಾಳ ಅಂತ ನಾ ತಯಾರಾಗಿ ಕೂತೆ. ಇಲ್ಲ. ಬುಧವಾರ? ಇಲ್ಲ. ನಮ್ಮ ಮಂದಿ ಕೇಳಾಕತ್ತಾರ, ಏನ ಸಾಹೇಬ್ರ, ನಿಮ್ಮ ಹೆಸರು ಈಗ ಲೆಕ್ಕಕ್ಕ ಇಲ್ಲೇನು ಅಂತ."

"ಬೈಯಲಿಲ್ಲ ಅಂತ ಬ್ಯಾಸರಾ?"

"ಆಗೂದಿಲ್ಲೇನ್ರಿ ಮತ್ತ?"

ಅಬಿದಾ ನಗಲಿಲ್ಲ. ಜೀಪು ಹತ್ತುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ತಲೆಯಲ್ಲಿ ಏನೋ ಓಡುತ್ತಿದ್ದಾಗ ಅವಳು ಮಾಡುವುದೇ ಹಾಗೆ.

ದಾನೇಶ್ವರಿಯ ಗಂಡ ಮಡಿವಾಳಪ್ಪ ಬಾಗಿಲಲ್ಲೇ ಸಿಕ್ಕ. ಗಾಬರಿಯೇನೂ ಇರಲಿಲ್ಲ. "ಹೂವಿನ ಹಿಪ್ಪರಗಿಗೆ, ತಂಗಿ ಮನಿಗೆ ಹೋಗ್ಯಾಳ್ರಿ. ಬರ್ರಿ, ಒಳಗ ಬರ್ರಿ."

ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ಜಿನ ಅರ್ಧ ಎತ್ತರದ ಬಿಳಿಯ ಯಂತ್ರವೊಂದಿತ್ತು. ಮೈಮೇಲೆ ಕುಂಕುಮ, ತಲೆಯ ಮೇಲೆ ಕಸೂತಿಯ ಬಟ್ಟೆ.

"ಮನಿ ಗಿರಣಿ," ಮಡಿವಾಳಪ್ಪ ಅದರ ಮೇಲೆ ಕೈಯಿಟ್ಟ. "ಚಾನೆಲ್ಲಿನ ವಾರ್ಷಿಕೋತ್ಸವದಾಗ ರೇವಣಪ್ಪನವರು ಶಾಲು ಹೊದಿಸಿ, ಎಲ್ಲಾರ ಮುಂದ ಕೊಟ್ರು. ತಿಂಗಳಾತು. ಗುಂಡಿ ಒತ್ತಿದ್ರ ಹಿಟ್ಟು."

"ಟಿವಿಯೊಳಗ ಬರೂ ಹೆಣಮಗಳು ಡಬ್ಬಿ ಹೊತ್ಕೊಂಡು ಪಾಳಿ ಹಚ್ಚಿ ಕೂಡೂದು ನನಗ ಚೆಂದ ಕಾಣಲಿಲ್ಲ," ರೇವಣಪ್ಪ ಸಂಕೋಚದಿಂದ ಅಂದ.

ಅಬಿದಾ ಯಂತ್ರವನ್ನು ಒಂದು ಸುತ್ತು ಹಾಕಿದಳು. "ಮೊದಲು ಎಲ್ಲಿ ಬೀಸಿಸ್ತಿದ್ರು?"

"ಅಬ್ದುಲಗನಿ ಗಿರಣಿಯೊಳಗ," ಅಂದ ಮಡಿವಾಳಪ್ಪ.

"ಎಷ್ಟು ದಿನಕ್ಕೊಮ್ಮೆ?"

"ಒಂದು ದಿನ ಬಿಟ್ಟು ಒಂದು ದಿನ."

"ನೀವು ಮನಿಯೊಳಗ ಎಷ್ಟು ಮಂದಿ?"

"ಇಬ್ಬರೇ. ಎರಡೆರಡು ಕಿಲೋ ಒಯ್ತಿದ್ಲು. ಒಮ್ಮೆಲೆ ಹತ್ತು ಕಿಲೋ ಬೀಸಿಸಿಬಿಡು ಅಂತ ನಾ ಎಷ್ಟು ಸಲ ಹೇಳೀನಿ. ಹಿಟ್ಟು ಹಳೇದಾದ್ರ ರೊಟ್ಟಿ ಹರೀತಾವ ಅಂತಿದ್ಲು."

ಅಬಿದಾಳ ಬೆರಳು ಸೆರಗನ್ನು ಬಿಟ್ಟಿತು. "ಹಿಪ್ಪರಗಿಗೆ ನಡೀರಿ."

ದಾರಿಯುದ್ದಕ್ಕೂ ರೇವಣಪ್ಪ ಒಬ್ಬನೇ ಮಾತಾಡಿದ. ಹಿಪ್ಪರಗಿಯ ಬಸ್ ನಿಲ್ದಾಣದ ಹತ್ತಿರ ಜೀಪು ನಿಲ್ಲಿಸಿ, "ತಂಗಿ ಮನಿ ಎಲ್ಲಿ ಅಂತ ಕೇಳಲೇನ್ರಿ?" ಅಂದ.

"ಮನಿ ಬ್ಯಾಡ. ಗಿರಣಿ ಎಲ್ಲೈತಿ ಅಂತ ಕೇಳ್ರಿ."

ಗಿರಣಿಯ ಹೊರಗಿನ ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಅವರ ಮುಂದೆ ಡಬ್ಬಿಗಳ ಪಾಳಿ. ನಡುವೆ, ಕಾಲು ಚಾಚಿಕೊಂಡು, ಯಾರದೋ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದವಳು ದಾನೇಶ್ವರಿ. ನಮ್ಮನ್ನು ಕಂಡದ್ದೇ ಕಾಲು ಮಡಿಸಿಕೊಂಡಳು.

"ಅಕ್ಕಾರ!" ರೇವಣಪ್ಪ ಧಾವಿಸಿದ. "ಯಾರು ನಿಮಗ ನೋವು ಮಾಡಿದ್ರು? ಕಾವೇರಿ ಹೌದಲ್ರಿ?"

"ಕಾವೇರಿ ಅಲ್ಲ," ಅಬಿದಾ ಅಂದಳು. "ಸಂಗಮೇಶನೂ ಅಲ್ಲ. ರೇವಣಪ್ಪನವರ, ನೀವೇ."

"ನಾನು?"

"ನಾವೆಲ್ಲಾ ದಿಲ್ಲಿ ಮಾತು ಕೇಳಿ ಹಿಗ್ಗಿದ್ವಿ. ಊರಿನ ಮಾತು ನಿಂತದ್ದನ್ನ ಈ ಹುಡುಗಿ ಒಬ್ಬಾಕಿನೇ ಕೇಳಿದ್ಲು. ಆ ಸಂಗಮೇಶನ ವಾರ್ಡಿನ್ಯಾಗ ಎಂಟು ದಿನ ನಳ ಬರಲಿಲ್ಲ. ಅದು ದಾನೇಶ್ವರಿಗೆ ಗೊತ್ತಾಗಲಿಲ್ಲ ಅಂದ್ರ ಏನರ್ಥ? ಗೊತ್ತಾಗೂ ಜಾಗಾನೇ ಬಂದ್ ಆಗೇತಿ. ಎರಡು ಮಂದಿ ಮನಿಗೆ ವಾರಕ್ಕ ಮೂರು ಸಲ ಗಿರಣಿ ಯಾಕ ಬೇಕು? ಕೇಬಲ್ಲಿನ್ಯಾಗ ಆಕಿ ಮಾತೂ ವಾರಕ್ಕ ಮೂರೇ ದಿನ. ಎಲ್ಲಾ ವಾರ್ಡಿನ ಹೆಂಗಸರು ಬಂದು ಒಂದು ತಾಸು ಕೂಡೂದು ಎಲ್ಲಿ? ಅಬ್ದುಲಗನಿ ಕಟ್ಟಿ ಮ್ಯಾಲ. ನೀವು ಶಾಲು ಹೊದಿಸಿ, ಮನಿ ಗಿರಣಿ ಕೊಟ್ಟು, ಆಕಿ ಸುದ್ದಿಮನಿಗೆ ಬೀಗಾ ಹಾಕಿದ್ರಿ."

ರೇವಣಪ್ಪ ದಾನೇಶ್ವರಿಯ ಕಡೆ ತಿರುಗಿದ.

"ಹೌದೇನ್ರಿ ಅಕ್ಕಾರ?"

ದಾನೇಶ್ವರಿ ನೆಲ ನೋಡಿದಳು. "ಡಬ್ಬಿ ಇಲ್ಲದ ಗಿರಣಿಗೆ ಹ್ಯಾಂಗ ಹೋಗ್ಲಿ? ಮನಿಯೊಳಗ ಗಿರಣಿ ಐತಲ್ಲ, ಇಲ್ಲಿ ಯಾಕ ಬಂದಿ ಅಂತಾರ. ನಮ್ಮ ಮನಿಯವರು ದಿನಾ ಅದಕ್ಕ ಕುಂಕುಮ ಹಚ್ಚತಾರ. ಬ್ಯಾಡ ಅಂತ ಯಾವ ಬಾಯಿಲೆ ಹೇಳ್ಲಿ? ಪೇಪರ್ ಓದಿ ದಿಲ್ಲಿ ಸುದ್ದಿ ಹೇಳಿದೆ. ಕಾವೇರಿ ಕೇಳಿದಾಗ ನಾಚಿಕಿ ಆತು. ಕುರ್ಚಿ ಮ್ಯಾಲ ಸುಳ್ಳು ಕೂಡಬಾರದಂತ ಎದ್ದು ಬಂದೆ."

ಆಮೇಲೆ ನನ್ನ ಕಡೆ ತಿರುಗಿ ಅಂದಳು: "ಮತ್ತ ಸುದ್ದಿ ಒಂದೇ ಅಲ್ರಿ ಟೀಚರ್. ಮನಿಯೊಳಗ ಒಂದು ತಾಸು ಸುಮ್ಮನ ಕೂತ್ರ ಮೈಯಾಗ ಆರಾಮಿಲ್ಲೇನು ಅಂತ ಕೇಳತಾರ. ಗಿರಣಿಯೊಳಗ ಕೂತ್ರ ಯಾರೂ ಕೇಳೂದಿಲ್ಲ."

ನಾನು ತಲೆಯಾಡಿಸಿದೆ. ಶಾಲೆ ಬಿಟ್ಟ ಮೇಲೆ ಪರೀಕ್ಷೆಯ ಪೇಪರು ತಿದ್ದುವ ನೆಪದಲ್ಲಿ ನಾನು ಖಾಲಿ ತರಗತಿಯಲ್ಲಿ ಕೂಡುತ್ತೇನೆ. ಎಷ್ಟು ಪೇಪರು ತಿದ್ದಿದೆ ಎಂದು ಈವರೆಗೆ ಮನೆಯಲ್ಲಿ ಯಾರೂ ಕೇಳಿಲ್ಲ.

"ಆ ಮಷಿನ್ನ ನಾ ವಾಪಸ್ ಒಯ್ತೇನಿ," ರೇವಣಪ್ಪ ಅಂದ. "ರಿಪೇರಿಗೆ ಅಂತ ಮಡಿವಾಳಪ್ಪಗ ಹೇಳ್ತೇನಿ. ರಿಪೇರಿ ಎಂದೂ ಆಗೂದಿಲ್ಲ." ಆಮೇಲೆ ಅವನ ಮುಖ ಬದಲಾಯಿತು. "ನಮ್ಮ ಮನಿಯಾಕಿ ಸೀತವ್ವಗೂ ಒಂದು ತಂದು ಕೊಟ್ಟೀನ್ರಿ. ವರ್ಷಾತು. ಆವಾಗಿಂದ ಮನಿಯೊಳಗ ಮಾತೇ ಕಮ್ಮಿ. ನಾ ಸಮಾಧಾನ ಆಗ್ಯಾಳ ಅಂತ ತಿಳದಿದ್ದೆ."

"ಅದನ್ನೂ ರಿಪೇರಿಗೆ ಒಯ್ರಿ," ಅಬಿದಾ ಅಂದಳು. "ಅದಕ್ಕೂ ಮೊದಲು ಇಲ್ಲಿ ಒಂದು ಮಾತು ಆಡೂದು ಉಳದೈತಿ."

ಅವನು ಜೀಪಿನ ಕಡೆ ತಿರುಗಿದ. ಕಾವೇರಿ ಚೀಲ ಹಿಡಿದುಕೊಂಡು ಇಳಿದು ನಿಂತಿದ್ದಳು.

"ತಪ್ಪಾತವ್ವ," ಅಂದ. "ನಾಳಿ ಬಾ."

"ಬುಧವಾರ ಏಳಕ್ಕ ಯಾರು ಕೂಡತಾರ್ರಿ?" ಕಾವೇರಿ ಕೇಳಿದಳು.

"ನೀನು," ದಾನೇಶ್ವರಿ ಅಂದಳು. "ತಿಂಗಳಿನ ಸುದ್ದಿ ಬಾಕಿ ಐತಿ, ನನಗ ಒಂದು ವಾರ ಬೇಕು. ಕೇಳಬೇಕಾದ್ದನ್ನ ಕೇಳಾಕ ಬರ್ತೈತಿ ನಿನಗ. ಹೇಳಾಕ ಬರ್ತೈತೋ ಇಲ್ಲೋ ನೋಡೂಣು. ಬಾ, ಇಲ್ಲಿ ಕೂಡು."

ಹೆಂಗಸರು ಒತ್ತಿ ಕೂತು ಜಾಗ ಮಾಡಿದರು. ಕಾವೇರಿ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದಳು. ಪಕ್ಕದ ಅಜ್ಜಿ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಯಾರ ಮಗಳವ್ವ ನೀ?" ಅಂದಳು.

"ದೇವಣಗಾಂವದ ರಾಮವ್ವನ ಮಗಳ್ರಿ," ಅಂತ ಕಾವೇರಿ ಶುರು ಮಾಡಿದಳು.

ರೇವಣಪ್ಪ ಗಡಿಯಾರ ನೋಡಿಕೊಂಡ. ಅಬಿದಾ ಜೀಪಿನ ನೆರಳಿನಲ್ಲಿ ಕೂತು ನನಗೂ ಜಾಗ ತೋರಿಸಿದಳು. ಪಾಳಿಯಲ್ಲಿ ಇನ್ನೂ ಒಂಬತ್ತು ಡಬ್ಬಿಗಳಿದ್ದವು.