ಕ್ಯಾಪ್ಟನ್, ಟೀಚರ್ ಮತ್ತು ಅಜ್ಜಿ ಕುದುರೆ

ಕ್ಯಾಪ್ಟನ್ ಈ ಸಲವೂ ಫೇಲಾದ.

ದುಂಡನೆಯ ಬೇಲಿಯ ನಟ್ಟನಡುವೆ ಅವನು ಕಂಬ ನೆಟ್ಟ ಹಾಗೆ ನಿಂತಿದ್ದ. ಭುಜ ಬಿಗಿ, ಮುಷ್ಟಿ ಬಿಗಿ, ದವಡೆಯೂ ಬಿಗಿ. ಕುದುರೆ ದೂರದಲ್ಲಿ ಅವನ ಕಡೆ ಬಾಲ ಮಾಡಿಕೊಂಡು ಆರಾಮವಾಗಿ ನೊಣ ಓಡಿಸುತ್ತಿತ್ತು. ಹಗ್ಗವಿಲ್ಲ, ಲಗಾಮಿಲ್ಲ, ಕರೆಯುವ ಹಾಗಿಲ್ಲ. ಮನುಷ್ಯನ ಮೈ ಮನಸ್ಸು ಹಗುರಾಗಿದ್ದರೆ ಕುದುರೆ ತಾನಾಗಿ ಹತ್ತಿರ ಬರುತ್ತದೆ, ಒಳಗೆ ಏನನ್ನಾದರೂ ಅದುಮಿಟ್ಟುಕೊಂಡಿದ್ದರೆ ಬರುವುದಿಲ್ಲ. ಹತ್ತಿರ ಬಂದ ಮೇಲೆ ಬೇಲಿಯ ಹೊರಗೆ ತಗಡು ಬೀಳಿಸಿ ಸದ್ದು ಮಾಡುತ್ತಾರೆ, ಆಗಲೂ ಅಲುಗದೆ ನಿಲ್ಲಬೇಕು. ಕ್ಯಾಪ್ಟನ್ ತಗಡಿನವರೆಗೆ ಹೋಗಿದ್ದೇ ಇಲ್ಲ.

"ಸಾಕು, ಹೊರಗೆ ಬನ್ನಿ," ಅಂದರು ಡಾಕ್ಟರಮ್ಮ.

"ಸಾರಿ ಟೀಚರ್," ಅಂದ ಅವನು. ಕರೆದದ್ದು ಡಾಕ್ಟರಮ್ಮ, ಸಾರಿ ಹೇಳಿದ್ದು ಅವರ ಪಕ್ಕದಲ್ಲಿ ನಿಂತಿದ್ದ ಟೀಚರಿಗೆ. ಬೇಲಿ ದಾಟುವಾಗ ಒಂದು ಓರೆನೋಟ ಬೇರೆ. ಟೀಚರ್ ಬೇಗ ಬೇಗ ಬಗ್ಗಿ, ಬಿಚ್ಚದೇ ಇದ್ದ ಬೂಟಿನ ಲೇಸನ್ನು ಮತ್ತೆ ಕಟ್ಟಿದಳು.

ಯುದ್ಧ ಮುಗಿಸಿ ಮನೆಗೆ ಬಂದರೂ ಮನಸ್ಸನ್ನು ಅಲ್ಲೇ ಬಿಟ್ಟು ಬಂದ ಸೈನಿಕರಿಗಾಗಿ ಇದ್ದ ಜಾಗ ಅದು. ಕುದುರೆಗಳ ಮೈ ತಿಕ್ಕಿ, ಲಾಯ ಗುಡಿಸಿ, ಅವುಗಳ ಜೊತೆ ನಡೆದಾಡುತ್ತ ಅವರು ನಿಧಾನಕ್ಕೆ ನಿದ್ದೆಯನ್ನೂ ನಗುವನ್ನೂ ವಾಪಸು ಪಡೆಯುತ್ತಿದ್ದರು. ಕುದುರೆಗಳಿಗೂ ಸೈನಿಕರಿಗೂ ಪಾಠ ಹೇಳುವವಳು ಅವಳೊಬ್ಬಳೇ ಆದ್ದರಿಂದ ಎಲ್ಲರಿಗೂ ಅವಳು ಟೀಚರ್. ಯಾರು ಬೇಗ ಕಲಿಯುತ್ತಾರೆ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು.

ಕ್ಯಾಪ್ಟನ್ ಬಂದ ಮೊದಲ ದಿನ ಯಾರೋ ಹುರುಳಿಯ ಡಬ್ಬದ ಮುಚ್ಚಳವನ್ನು ಧಡ್ ಎಂದು ಹಾಕಿದ್ದರು. ಅಷ್ಟಕ್ಕೇ ಅವನು ನೆಲಕ್ಕೆ ಬಿದ್ದು ತಲೆಯ ಮೇಲೆ ಕೈಯಿಟ್ಟು ಮಲಗಿಬಿಟ್ಟಿದ್ದ. ಲಾಯದ ಅತಿ ಹಿರಿಯ ಕುದುರೆ, ಬೂದು ಬಣ್ಣದ ಅಜ್ಜಿ, ನಿಧಾನಕ್ಕೆ ಬಂದು ಅವನ ಕೂದಲು ಮೂಸಿ, ಅವನು ತಲೆಯೆತ್ತಿದ್ದೇ ಮುಖದ ತುಂಬ ಸೀನಿತು. ಅವನು ಎದ್ದು ಕೂತು ಮುಖ ಒರೆಸಿಕೊಳ್ಳುತ್ತ ನಕ್ಕ. ವರ್ಷಗಳಿಂದ ಬಳಸದೆ ತುಕ್ಕು ಹಿಡಿದಿದ್ದ ನಗು. ಟೀಚರ್ ಮನಸೋತದ್ದು ಆ ನಗುವಿಗೇ.

ಆದರೆ ಅಲ್ಲಿ ಒಂದು ನಿಯಮವಿತ್ತು. ಚಿಕಿತ್ಸೆಗೆ ಬಂದವರ ಜೊತೆ ಪಾಠ ಹೇಳುವವರಿಗೆ ಬೇರೆ ಯಾವ ಸಲಿಗೆಯೂ ಇರಬಾರದು. ನೊಂದವರ ಮನಸ್ಸು ಯಾರ ಕೈ ಸಿಕ್ಕರೂ ಹಿಡಿದುಕೊಳ್ಳುತ್ತದೆ, ಅದು ಪ್ರೀತಿಯೇ ಆಗಿರಬೇಕೆಂದಿಲ್ಲ. ನಿಯಮ ಸರಿಯಾಗಿದೆ ಎಂದು ಅವಳಿಗೂ ಗೊತ್ತಿತ್ತು, ಅದಕ್ಕೇ ಅದರ ಮೇಲೆ ಇನ್ನಷ್ಟು ಸಿಟ್ಟು. ತನ್ನ ಮೇಲೆ ತನಗೇ ನಂಬಿಕೆ ಸಾಲದೆ ಅವಳು ಡಾಕ್ಟರಮ್ಮನ ಹತ್ತಿರ ಹೋಗಿ, "ಕ್ಯಾಪ್ಟನ್ ಪರೀಕ್ಷೆ ಮಾತ್ರ ನೀವೇ ನೋಡಿ," ಅಂದಿದ್ದಳು. ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು, ಯಾಕೆ ಎಂದು ಕೇಳಲಿಲ್ಲ.

ಈಗ ಅದೇ ಡಾಕ್ಟರಮ್ಮ ಅವಳನ್ನು ಆಫೀಸಿಗೆ ಕರೆದು ಹೇಳಿದರು. "ಮುಂದಿನ ವಾರ ಇನ್ನೊಂದು ಸಲ ನೋಡೋಣಮ್ಮ. ಆಗ್ಲೂ ಹೀಗೇ ಆದ್ರೆ ದೊಡ್ಡಾಸ್ಪತ್ರೆಗೆ ಸೇರಿಸೋದೇ ಸರಿ. ಅಲ್ಲಿ ಒಂದಷ್ಟು ತಿಂಗಳು ಒಳಗೇ ಇರ್ಬೇಕಾಗತ್ತೆ."

ನಾಲ್ಕು ಗೋಡೆಯ ಮಧ್ಯೆ ಅವನು ಉಸಿರಾಡುವುದಾದರೂ ಹೇಗೆ? ಬಾಗಿಲು ಮುಚ್ಚಿದರೆ ಬೆವರುತ್ತಿದ್ದವನು ಈಗಷ್ಟೇ ಸುಧಾರಿಸಿದ್ದ. ತಾನೇ ಎಲ್ಲೋ ಸರಿಯಾಗಿ ಕಲಿಸಲಿಲ್ಲ ಎಂದು ಟೀಚರ್ ಒಳಗೊಳಗೇ ಕುಗ್ಗಿದಳು.

ಗೇಟಿನ ಬಳಿ ಕಾರಿಗೆ ಒರಗಿ ಅವನ ಅಕ್ಕ ಕಾಯುತ್ತಿದ್ದಳು. ಪ್ರತಿ ಸಲ ತಮ್ಮನನ್ನು ಕರೆತಂದು ಕರೆದೊಯ್ಯುವವಳು ಅವಳೇ.

"ಮನೆಯಲ್ಲಿ ಹೇಗಿರ್ತಾರೆ ಅಕ್ಕಾ? ಸದ್ದಿಗೆ ಬೆಚ್ಚಿ ಬೀಳೋದು ಇನ್ನೂ ಇದೆಯಾ?"

"ಎಲ್ಲಿಯ ಬೆಚ್ಚಿ ಬೀಳೋದು ಟೀಚರ್. ಮೊನ್ನೆ ಕುಕ್ಕರ್ ಕೂಗಿತು. ನಾನೇ ಬೆಚ್ಚಿಬಿದ್ದೆ, ಅವನು ಎದ್ದು ಹೋಗಿ ಒಲೆ ಆರಿಸಿ ಬಂದ. ರಾತ್ರಿ ಗೊರಕೆ ಹೊಡೀತಾನೆ ಮಹಾರಾಯ. ಇಲ್ಲಿಗೆ ಬರೋ ದಿನ ಮಾತ್ರ ಅವನ ಕಾಟ ತಡೆಯೋಕಾಗಲ್ಲ. ಕನ್ನಡಿ ಬಿಟ್ಟು ಕದಲಲ್ಲ, ಈ ಶರ್ಟ್ ಸರಿಯಿಲ್ಲ ಆ ಶರ್ಟ್ ಸರಿಯಿಲ್ಲ ಅಂತ ಒಂದೇ ರಗಳೆ."

ಟೀಚರ್ ಕಿವಿ ಕೆಂಪಾಯಿತು. ನಾಚಿಕೆ ಅರ್ಧ, ಸಿಟ್ಟು ಅರ್ಧ. ಸೀದಾ ಲಾಯಕ್ಕೆ ನಡೆದಳು.

ಕ್ಯಾಪ್ಟನ್ ಅಜ್ಜಿಯ ಮೈಗೆ ಬ್ರಷ್ ಹಾಕುತ್ತಿದ್ದ. ಅಜ್ಜಿ ಕಣ್ಣು ಅರೆಮುಚ್ಚಿ ಅವನ ಭುಜಕ್ಕೆ ಗದ್ದ ಊರಿತ್ತು. ಪರೀಕ್ಷೆಯಲ್ಲಿ ಬಾಲ ತೋರಿಸಿದ ಕುದುರೆ ಇದೇ.

ಟೀಚರ್ ಕುದುರೆಯ ಆಚೆ ಬದಿಗೆ ಹೋಗಿ ನಿಂತಳು. "ಬೇಕಂತಲೇ ಫೇಲಾಗ್ತಿದೀರಾ?"

ಬ್ರಷ್ ನಿಂತಿತು.

"ಮೈ ಬಿಗಿಹಿಡಿದ್ರೆ ಕುದುರೆ ಬರಲ್ಲ ಅಂತ ನಾನೇ ಹೇಳಿಕೊಟ್ಟಿದ್ದು. ನನ್ನ ಪಾಠ ನನಗೇ ತಿರುಗಿಸಿದ್ರಲ್ಲ."

"ಪಾಸಾದ್ರೆ ಚಿಕಿತ್ಸೆ ಮುಗೀತು ಅಂತ ಮನೆಗೆ ಕಳಿಸ್ತೀರಿ," ಅಂದ ಅವನು, ಕುದುರೆಯ ಬೆನ್ನಿಗೆ ಹೇಳುವವನಂತೆ. "ಆಮೇಲೆ ಇಲ್ಲಿಗೆ ಬರೋಕೆ ನನಗೆ ಯಾವ ನೆಪ ಇದೆ?"

"ಇನ್ನೊಂದು ಸಲ ಫೇಲಾದ್ರೆ ದೊಡ್ಡಾಸ್ಪತ್ರೆಗೆ ಸೇರಿಸ್ತಾರೆ. ಒಳಗೆ. ತಿಂಗಳುಗಟ್ಟಲೆ."

ಅವನ ಮುಖದ ಬಣ್ಣ ಇಳಿದುಹೋಯಿತು. "ಅಂದ್ರೆ ಎರಡು ಕಡೆನೂ ನೀವಿಲ್ಲ," ಅಂದ.

ಹೇಳಬೇಕಾದದ್ದು ಟೀಚರ್ ನಾಲಿಗೆಯ ತುದಿಯಲ್ಲಿತ್ತು, ಹೇಳುವ ಹಾಗಿರಲಿಲ್ಲ. ಅಜ್ಜಿಯ ಕುತ್ತಿಗೆಯ ಕೂದಲಿಗೆ ಬೆರಳು ಸುತ್ತುತ್ತ ಅವಳು, "ನಿಯಮ ಇರೋದು ಚಿಕಿತ್ಸೆಯಲ್ಲಿ ಇರೋರಿಗೆ ಕ್ಯಾಪ್ಟನ್," ಅಂದಳು. "ಮುಗಿಸಿ ಹೋದೋರ ಬಗ್ಗೆ ಅದು ಏನೂ ಹೇಳಲ್ಲ." ಅಷ್ಟು ಹೇಳಿ ತಿರುಗಿ ನೋಡದೆ ಹೊರಟಳು. ತಿರುಗಿದ್ದರೆ ಕ್ಯಾಪ್ಟನ್ ಕುದುರೆಗೆ ಮುತ್ತು ಕೊಟ್ಟದ್ದು ಕಾಣುತ್ತಿತ್ತು.

ಪರೀಕ್ಷೆಯ ದಿನ ಅವನು ಇಸ್ತ್ರಿ ಮಾಡಿದ ನೀಲಿ ಶರ್ಟ್ ಹಾಕಿ ಬೇಲಿಯೊಳಗೆ ಕಾಲಿಟ್ಟ. ಡಾಕ್ಟರಮ್ಮ, ಅಕ್ಕ, ಟೀಚರ್ ಹೊರಗೆ ಸಾಲಾಗಿ ನಿಂತರು. ಒಳಗಿರುವವರಿಗೆ ಹೊರಗಿನಿಂದ ಸನ್ನೆ ಕೂಡ ಮಾಡುವ ಹಾಗಿಲ್ಲ.

ಅಜ್ಜಿ ಬರಲಿಲ್ಲ.

ಇವತ್ತು ಅವನು ನಟಿಸುತ್ತಿಲ್ಲ ಎಂದು ಟೀಚರಿಗೆ ತಕ್ಷಣ ಗೊತ್ತಾಯಿತು. ಅವನು ಗೆಲ್ಲಲೇಬೇಕೆಂದು ಬಂದಿದ್ದ, ಆ ಹಟವೇ ಅವನ ಮೈಯನ್ನು ನಿಜವಾಗಿ ಬಿಗಿದುಹಾಕಿತ್ತು. ಭುಜ ಇಳಿಸಲು ನೋಡಿದ, ಇಳಿಯಲಿಲ್ಲ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು. ಟೀಚರ್ ಬೇಲಿಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ಹತ್ತಿರ ಬಂದು ಅವನನ್ನು ಕಳೆದುಕೊಳ್ಳುವುದೇ?

ಆಗ ಕ್ಯಾಪ್ಟನ್ ಕಣ್ಣು ಮುಚ್ಚಿ ಮಾತಾಡತೊಡಗಿದ. ಕುದುರೆಯನ್ನು ಹತ್ತಿರ ಕರೆಯುವಂತಿರಲಿಲ್ಲ, ಮಾತಾಡಿದರೆ ತಪ್ಪಿರಲಿಲ್ಲ.

"ಅಜ್ಜಿ, ಭಯ ಆಗ್ತಿದೆ ಕಣೇ. ತಗಡಿಗಲ್ಲ. ಇದು ಮುಗಿದ ಮೇಲೆ ಅವರ ಮುಂದೆ ನಿಂತು ಮಾತಾಡ್ಬೇಕಲ್ಲ, ಅದಕ್ಕೆ. ಗುಂಡಿನ ಸದ್ದಿನ ಮಧ್ಯೆ ಆರ್ಡರ್ ಕೊಟ್ಟೋನು ನಾನು, ಅವರ ಮುಂದೆ ನನಗೆ ನಾಲಿಗೆ ಹೊರಳಲ್ಲ. ಬೇಡ ಅಂದುಬಿಟ್ರೆ? ಅಂದ್ರೂ ಪರವಾಗಿಲ್ಲ. ನಾನು ಮತ್ತೆ ನಗೋ ಹಾಗಾಗಿದ್ದು ಅವರಿಂದ. ಅಷ್ಟು ಹೇಳಿಯೇ ಮನೆಗೆ ಹೋಗ್ತೀನಿ."

ಹೇಳಿ ಮುಗಿಸಿ ಉದ್ದಕ್ಕೆ ಉಸಿರು ಬಿಟ್ಟ. ಭುಜಗಳು ತಾವಾಗಿ ಇಳಿದವು.

ಅಜ್ಜಿಯ ಕಿವಿ ಹೊರಳಿತು. ತಲೆ ತಗ್ಗಿಸಿ, ಬಾಯಿ ಚಪ್ಪರಿಸುತ್ತ, ಅವಸರವೇ ಇಲ್ಲದೆ ಅದು ಅವನ ಬೆನ್ನ ಹಿಂದೆ ಬಂದು ನಿಂತಿತು. ಅವನು ನಡೆದ, ಅದೂ ನಡೆಯಿತು. ಅವನು ತಿರುಗಿದ, ಅದೂ ತಿರುಗಿತು. ಅಕ್ಕ ಸೆರಗು ಬಾಯಿಗೊತ್ತಿಕೊಂಡಳು.

ಡಾಕ್ಟರಮ್ಮ ತಗಡು ಬೀಳಿಸಿದರು.

ಸದ್ದಿಗೆ ಲಾಯದ ಪಾರಿವಾಳಗಳೆಲ್ಲ ಎದ್ದುಹೋದವು. ಅಜ್ಜಿ ಬೆಚ್ಚಿ ಮುಂಗಾಲೆತ್ತಿತು. ಕ್ಯಾಪ್ಟನ್ ಬೀಳಲಿಲ್ಲ, ಬಗ್ಗಲೂ ಇಲ್ಲ. ಕುದುರೆಯ ಕುತ್ತಿಗೆಗೆ ಅಂಗೈಯಿಟ್ಟು, ಅದರ ನಡುಕ ನಿಲ್ಲುವವರೆಗೂ ಸವರುತ್ತ ನಿಂತ. ಒಂದು ಕಾಲಕ್ಕೆ ಮುಚ್ಚಳದ ಸದ್ದಿಗೆ ನೆಲ ಕಚ್ಚಿದ್ದವನು ಇವತ್ತು ಇನ್ನೊಂದು ಜೀವಕ್ಕೆ ಧೈರ್ಯ ಹೇಳುತ್ತಿದ್ದ. ಟೀಚರ್ ಅಳುತ್ತಿದ್ದಳು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಪಾಸ್," ಅಂದರು ಡಾಕ್ಟರಮ್ಮ. "ಮುಂದೆ ತಪಾಸಣೆಗೆ ಬರೋದಿದ್ರೆ ನನ್ನ ಹತ್ತಿರ ಬನ್ನಿ. ಟೀಚರ್‌ಗೂ ನಿಮಗೂ ಇನ್ನು ಪಾಠದ ಲೆಕ್ಕ ಇಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, "ಬಾರಮ್ಮ, ನಿನ್ನ ಕಾರು ತೋರಿಸು," ಅಂದು, ಕಾರು ಕಂಡೇ ಇಲ್ಲದವರ ಹಾಗೆ ಅವಳನ್ನು ಎಳೆದುಕೊಂಡು ಹೋದರು.

ಕ್ಯಾಪ್ಟನ್ ಬೇಲಿಯ ಗೇಟು ತೆರೆದು ಹೊರಗೆ ಬಂದ. ಟೀಚರ್ ಎದುರು ಬಂದು ನಿಂತು, ಗಂಟಲು ಸರಿಮಾಡಿಕೊಂಡು, ಕಾಲರ್ ಎಳೆದುಕೊಂಡು, ಒಂದು ಸಲ ಆಕಾಶ ನೋಡಿ, ಒಂದು ಸಲ ಬೂಟು ನೋಡಿ, ಕೊನೆಗೆ ಅವಳ ಕಣ್ಣು ನೋಡಿದ.

"ಹೂಂ," ಅಂದಳು ಅವಳು.

"ನಾನಿನ್ನೂ ಏನೂ ಕೇಳಿಲ್ಲ."

"ನೀವು ಕೇಳೋವರೆಗೂ ಕಾಯೋಕೆ ನನ್ನ ಕೈಲಿ ಆಗಲ್ಲ," ಅಂದು ಅವಳು ಅವನ ಕೈ ಹಿಡಿದಳು.